ನ್ಯಾನೋ ದಾರಿಯಲ್ಲಿ ಸಾಗುವ ಪ್ಲಾಸ್ಮಾನ್ ಸಂಕೇತವನ್ನು ಬೆಳಕಿನಿಂದಲೇ ತಡೆಯಬಹುದೇ?

ತಡೆಯಬಹುದು, ಪ್ರಯೋಗಾಲಯದಲ್ಲಿ ಮಾಡಿಯೂ ತೋರಿಸಿದ್ದಾರೆ. ಈ ಪ್ರಶ್ನೆ ಕೇಳಿದ ನೀವೂ ಕಾಸರಗೋಡಿನವರೇ ಎಂದು ಬರೆದಿದ್ದೀರಿ, ಹಾಗಾಗಿ ಊರಿನ ಉದಾಹರಣೆಯಲ್ಲೇ ಹೇಳುತ್ತೇನೆ.

ಬೆಳ್ಳಿ, ಚಿನ್ನದಂತಹ ಲೋಹದ ಮೇಲ್ಮೈಯಲ್ಲಿ ಬೆಳಕೂ ಎಲೆಕ್ಟ್ರಾನುಗಳ ಅಲುಗಾಟವೂ ಬೆಸೆದುಕೊಂಡು ಒಂದೇ ಅಲೆಯಾಗಿ ಸಾಗುತ್ತವೆ. ಇದೇ ಪ್ಲಾಸ್ಮಾನ್ ಸಂಕೇತ. ಬೆಳಕಿನ ತರಂಗಾಂತರಕ್ಕಿಂತ, ಅಂದರೆ ಅದರ ಅಲೆಯ ಉದ್ದಕ್ಕಿಂತ, ಎಷ್ಟೋ ಕಿರಿದಾದ ದಾರಿಯಲ್ಲೂ ಇದು ನುಸುಳಬಲ್ಲದು. ಗಾಜಿನ ಫೈಬರಿನಲ್ಲಿ ಬೆಳಕನ್ನು ಅಷ್ಟು ಹಿಂಡಲಾಗದು. ಆದರೆ ಬೇಸಿಗೆಯಲ್ಲಿ ಬದಿಯಡ್ಕದ ಅಡಿಕೆ ತೋಟದ ಕಣಿಗೆ ಬಿಟ್ಟ ನೀರು ಕೊನೆಯ ಮರ ಮುಟ್ಟುವ ಮೊದಲೇ ಇಂಗುವಂತೆ, ಸಂಕೇತವೂ ಲೋಹದಲ್ಲಿ ಶಾಖವಾಗಿ ಬೇಗನೆ ಇಂಗಿಹೋಗುತ್ತದೆ.

ಇನ್ನು ನಿಯಂತ್ರಣ. 2007ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಪಾಸಿಫಿಚಿ, ಲೆಝೆಕ್ ಮತ್ತು ಆಟ್‌ವಾಟರ್ ಬೆಳ್ಳಿಯ ತೆಳುಪದರದ ಮೇಲೆ ಕ್ಯಾಡ್ಮಿಯಂ ಸೆಲೆನೈಡಿನ ಕ್ವಾಂಟಮ್ ಚುಕ್ಕೆಗಳನ್ನು (ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಕಣಗಳನ್ನು) ಲೇಪಿಸಿದರು. ಸುಮ್ಮನಿರುವಾಗ ಈ ಚುಕ್ಕೆಗಳು ಅವಕೆಂಪು ಸಂಕೇತವನ್ನು ಹಾಗೆಯೇ ದಾಟಲು ಬಿಡುತ್ತವೆ. ಗೋಚರ ಬೆಳಕಿನ ಇನ್ನೊಂದು ಕಿರಣವೂ ಪ್ಲಾಸ್ಮಾನ್ ಆಗಿ ಜತೆಗೆ ಬಂದರೆ ಚುಕ್ಕೆಯೊಳಗಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅಲ್ಲಿಂದ ಇನ್ನೂ ಮೇಲೇರಲು ಅದಕ್ಕೆ ಬೇಕಾದ ಶಕ್ತಿ ಅವಕೆಂಪು ಸಂಕೇತದಲ್ಲೇ ಇದೆ. ಎಲೆಕ್ಟ್ರಾನ್ ಅದನ್ನು ಹೀರಿಕೊಳ್ಳುತ್ತದೆ, ಸಂಕೇತ ಕುಗ್ಗುತ್ತದೆ. ಎರಡನೆಯ ಕಿರಣ ನಂದಿಸಿದರೆ ದಾರಿ ಮತ್ತೆ ತೆರವು. ನನಗೆ ಬಹಳ ಹಿಡಿಸಿದ ಜಾಣತನ ಇದು.

2009ರಲ್ಲಿ ಇನ್ನೊಂದು ತಂಡ ಚುಕ್ಕೆಗಳ ಹಂಗಿಲ್ಲದೆ, ಅಲ್ಯೂಮಿನಿಯಂ ಮೇಲ್ಮೈಗೇ ಫೆಮ್ಟೊಸೆಕೆಂಡ್ (ಸೆಕೆಂಡಿನ ಕೋಟಿ ಕೋಟಿಯ ಹತ್ತನೆಯ ಒಂದು ಪಾಲು) ಅಳತೆಯ ಲೇಸರ್ ಮಿಡಿತ ಬಡಿದು ಸಂಕೇತವನ್ನು ಏರುಪೇರು ಮಾಡಿತು. ವೇಗದಲ್ಲಿ ಅದಕ್ಕೇ ಮೇಲುಗೈ.