ಒಂದಡಿ ಗಣಪನಿಗೆ ಯಾವ ಏರ್‌ಬ್ರಶ್?

ಒಂದಡಿ ಎತ್ತರದ ಮಣ್ಣಿನ ಗಣಪನಿಗೆ ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, ಪೆನ್ನಿನಂಥ ಸಾಧನ) ಅಕ್ರಿಲಿಕ್ ಬಣ್ಣ ಹೊಡೆಯಲು 0.2 ಮಿ.ಮೀ. ನಾಝಲ್ (ಬಣ್ಣ ಹೊರಬರುವ ತುದಿ) ಸರಿಯೋ 0.5 ಸರಿಯೋ ಎಂದು ಕೇಳಿದ್ದೀರಿ. ಒಂದೇ ಏರ್‌ಬ್ರಶ್ ಕೊಳ್ಳುವುದಾದರೆ ಎರಡೂ ಬೇಡ, 0.3 ಅಥವಾ 0.35 ತಗೊಳ್ಳಿ. 0.2ರಲ್ಲಿ ಅಕ್ರಿಲಿಕ್ ಬೇಗ ಕಟ್ಟಿಕೊಳ್ಳುತ್ತದೆ. ನಾಝಲ್ ಒಳಗಿನ ಸೂಜಿಯ ತುದಿಯಲ್ಲಿ ಗಸಗಸೆಗಿಂತ ಸಣ್ಣ ಗಂಟು ಒಣಗಿ ಕೂತರೂ ಸಾಕು, ಬಣ್ಣ ಹನಿಹನಿಯಾಗಿ ಸಿಡಿಯುತ್ತದೆ. ಹೋದ ಸಲ ಚೌತಿಗೆ ಎರಡೇ ದಿನ ಇರುವಾಗ ನನ್ನ ಗಣಪನ ಸೊಂಡಿಲ ಮೇಲೆ ಹಾಗೇ ಆಯಿತು, ಇಡೀ ಮುಖಕ್ಕೆ ಮತ್ತೆ ಬಣ್ಣ ಹಾಕಬೇಕಾಯಿತು. 0.5 ಬರೀ ತಳದ ಬಣ್ಣಕ್ಕೆ ಚೆನ್ನ. ಈ ಅಳತೆಯ ಮೂರ್ತಿಗೆ ಆ ಕೆಲಸ ಮಾಮೂಲಿ ಕುಂಚದಲ್ಲೇ ಮುಗಿಯುತ್ತದೆ.

ಡ್ಯುಯಲ್ ಆಕ್ಷನ್ನೇ ಇರಲಿ. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಕಿವಿಯ ಒಳಗಿನ ನಸುಗೆಂಪು ಅಂಚಿಗೆ ಬರುತ್ತಾ ಕರಗಿಹೋಗಬೇಕಲ್ಲ, ಅದು ಆ ಹಿಡಿತದಿಂದಲೇ ಬರುವುದು. ಬಟ್ಟಲು ಮೇಲಿರುವ ಗ್ರಾವಿಟಿ ಫೀಡ್ ಆದರೆ ಹತ್ತು ಹನಿ ಬಣ್ಣದಲ್ಲೂ ಕೆಲಸ ನಡೆಯುತ್ತದೆ.

ಉಳಿದ ದುಡ್ಡನ್ನು ಏರ್‌ಬ್ರಶ್‌ಗೆ ಗಾಳಿ ಕೊಡುವ ಕಂಪ್ರೆಸರ್‌ಗೆ ಹಾಕಿ. ಟ್ಯಾಂಕ್, ಒತ್ತಡ ಹೊಂದಿಸುವ ರೆಗ್ಯುಲೇಟರ್ ಇರಲಿ. ನೀರು ಹಿಡಿಯುವ ಟ್ರ್ಯಾಪ್ ಅಂತೂ ಇರಲೇಬೇಕು, ನಾವು ಬಣ್ಣ ಹಾಕುವುದೇ ಮಳೆಗಾಲದಲ್ಲಿ. ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ 15–20 ಪಿಎಸ್‌ಐ ಗಾಳಿಯ ಒತ್ತಡದಲ್ಲಿ ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ. ಮಾಸ್ಕ್ ಹಾಕಿಕೊಳ್ಳಿ.