ಬೇವಿನ ಕಷಾಯ ಮುಕ್ಕಳಿಸಿದರೆ ಹಲ್ಲುಜ್ಜಬೇಕಿಲ್ಲವೇ?

ಪ್ರಶ್ನೆ: ಜೀವಶಾಸ್ತ್ರ ಓದುತ್ತಿರುವ ನನ್ನ ಮಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಬೇವು ಮತ್ತು ಸೀಬೆ ಎಲೆಯ ಸಾರವನ್ನು ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿದಾಗ, ಸಾರ ಹಾಕಿದ ಜಾಗದ ಸುತ್ತ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲವಂತೆ. ನನಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ನಮ್ಮ ಕಡೆ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚು. ಪೇಸ್ಟ್ ಬಿಟ್ಟು ಈ ಎಲೆಗಳ ಕಷಾಯದಲ್ಲಿ ಬಾಯಿ ಮುಕ್ಕಳಿಸಿದರೆ ಸಾಲದೇ?
— ಓದುಗರೊಬ್ಬರು, ಪಾವಗಡ

ಉತ್ತರ: ನಿಮ್ಮ ಮಗಳು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಸೀಬೆ ಎಲೆ, ಜಾಲಿ ತೊಗಟೆ, ಅಳಲೆಕಾಯಿಗಳ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತವೆ. ಲವಂಗದ ಯೂಜೆನಾಲ್ ಅವುಗಳ ಹೊರಪೊರೆಯನ್ನೇ ಹಾಳುಗೆಡವುತ್ತದೆ. ಆದರೂ ಮಗಳನ್ನು ಒಂದು ಮಾತು ಕೇಳಿ: ಸಾರವನ್ನು ನೀರಿನಲ್ಲಿ ತೆಗೆದಳೇ, ಆಲ್ಕೋಹಾಲಿನಲ್ಲಿ ತೆಗೆದಳೇ? ಆಲ್ಕೋಹಾಲ್ ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ, ಬರಿಯ ಆಲ್ಕೋಹಾಲನ್ನೂ ಪಕ್ಕದಲ್ಲಿ ಹಾಕಿ ಹೋಲಿಸದಿದ್ದರೆ, ಗೆದ್ದದ್ದು ಎಲೆಯೋ ದ್ರಾವಕವೋ ಎಂದು ಹೇಳಲಾಗದು. ಆಲ್ಕೋಹಾಲಿನಲ್ಲಿ ಕರಗುವ ಎಲೆಯ ಎಷ್ಟೋ ಅಂಶಗಳು ಮನೆಯ ನೀರಿನ ಕಷಾಯಕ್ಕೆ ಇಳಿಯುವುದೂ ಇಲ್ಲ.

ನಿಜವಾದ ತೊಡಕು ಇರುವುದು ಬಾಯಿಯಲ್ಲಿ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಆಗತಾನೇ ತೆಳ್ಳಗೆ ಹರಡಿರುತ್ತಾರೆ, ಸಾರವೂ ಇಡೀ ದಿನ ಅಲ್ಲಿಯೇ ನಿಂತಿರುತ್ತದೆ. ಬಾಯಿಯಲ್ಲಿ ಹಾಗಲ್ಲ. ಹುಳುಕು ಹಲ್ಲುಗಳಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ 1924ರಲ್ಲಿ ಗುರುತಿಸಿದ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ನಾವು ತಿನ್ನುವ ಸಕ್ಕರೆಯಿಂದಲೇ ಅಂಟು ತಯಾರಿಸಿ, ಇತರ ಬ್ಯಾಕ್ಟೀರಿಯಾಗಳೊಡನೆ ಹಲ್ಲಿನ ಮೇಲೆ ಪದರಪದರವಾಗಿ ಪಾಚಿ ಕಟ್ಟುತ್ತದೆ. ಅದರೊಳಗೆ ಹುಟ್ಟುವ ಆಮ್ಲದಿಂದ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ. ಅರ್ಧ ನಿಮಿಷ ಮುಕ್ಕಳಿಸಿ ಉಗಿದ ಕಷಾಯ ಆ ಪಾಚಿಯ ಮೇಲ್ಪದರವನ್ನು ಸವರಿ ಹೋಗುತ್ತದೆ. ಉಳಿದದ್ದನ್ನು ಜೊಲ್ಲು ತೊಳೆದುಬಿಡುತ್ತದೆ. ಪಾಚಿಯನ್ನು ಉಜ್ಜಿಯೇ ತೆಗೆಯಬೇಕು. ಹಿರಿಯರ ಬೇವಿನ ಕಡ್ಡಿ ಫಲ ಕೊಟ್ಟದ್ದು ಅದರ ಕಹಿಯಿಂದ ಮಾತ್ರವಲ್ಲ, ಜಗಿದು ಕುಂಚ ಮಾಡಿ ತಿಕ್ಕುತ್ತಿದ್ದುದರಿಂದ ಕೂಡ ಎಂಬುದನ್ನು ನಾವು ಮರೆಯುತ್ತೇವೆ. ಅರಬ್ ನಾಡುಗಳ ಮಿಸ್ವಾಕ್ ಕಡ್ಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರೋತ್ಸಾಹಿಸಿತು. ಅದೂ ಉಜ್ಜುವ ಸಾಧನವೇ.

ನಿಮ್ಮ ವಸಡಿನ ರಕ್ತಕ್ಕೆ ಹೆಚ್ಚಾಗಿ ಕಾರಣ, ವಸಡಿನಂಚಿನಲ್ಲಿ ನಿಂತ ಪಾಚಿ ಮತ್ತು ಅದು ಕಲ್ಲಿನಂತೆ ಗಟ್ಟಿಯಾದ ಪದರ. ಇದನ್ನು ಯಾವ ಕಷಾಯವೂ ಕರಗಿಸದು. ದಂತವೈದ್ಯರಲ್ಲಿ ಸ್ಕೇಲಿಂಗ್ (ಆ ಗಟ್ಟಿ ಪದರವನ್ನು ಕೆರೆದು ತೆಗೆಯುವುದು) ಮಾಡಿಸಿಕೊಳ್ಳಿ, ವಸಡಿನ ತೊಂದರೆಯನ್ನು ಹೆಚ್ಚಿಸುವ ಸಕ್ಕರೆ ಕಾಯಿಲೆ ಇದೆಯೇ ಎಂದೂ ಪರೀಕ್ಷಿಸಿಕೊಳ್ಳಿ. ರಕ್ತ ಬರುತ್ತದೆಂದು ಆ ಜಾಗವನ್ನು ಬಿಟ್ಟು ಉಜ್ಜಿದರೆ ಪಾಚಿ ಇನ್ನೂ ಹೆಚ್ಚುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ. ಆಮೇಲೆ ಬೇವಿನ ಕಷಾಯ ಮುಕ್ಕಳಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧ ಹೆಚ್ಚು ಪ್ರಬಲವಾದರೂ, ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ, ನಾಲಿಗೆಯ ರುಚಿಯನ್ನೂ ಕೆಡಿಸುತ್ತದೆ. ಇಂಥ ಕಡೆಯೇ ಗಿಡಮೂಲಿಕೆಗಳ ಸಂಶೋಧನೆಗೆ ಬೆಲೆಯಿರುವುದು.

ಫ್ಲೋರೈಡಿನ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ; ಕೊಳವೆಬಾವಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಏನಾಗುತ್ತದೆಂಬುದನ್ನು ನಿಮ್ಮ ತಾಲ್ಲೂಕಿನ ಮಕ್ಕಳ ಕಲೆಗಟ್ಟಿದ ಹಲ್ಲುಗಳೇ ತೋರಿಸುತ್ತವೆ. ಆದರೆ ಆ ಕಲೆ ಬರುವುದು ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ನುಂಗಿದ ಫ್ಲೋರೈಡಿನಿಂದ. ದೊಡ್ಡವರು ಉಜ್ಜಿ ಉಗಿಯುವ ಪೇಸ್ಟಿನಲ್ಲಿರುವ ಫ್ಲೋರೈಡಿನಿಂದ ಅದು ಬರುವುದಿಲ್ಲ. ಕುಡಿಯುವ ನೀರನ್ನು ಬದಲಿಸಿ, ಪೇಸ್ಟನ್ನು ಬಿಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಷ್ಟು ಪೇಸ್ಟ್ ಹಾಕಬೇಕೆಂದು ದಂತವೈದ್ಯರನ್ನೇ ಕೇಳಿ.

ಪ್ರಶ್ನೆ: ಹಲ್ಲು ಬರುತ್ತಿರುವ ಎಂಟು ತಿಂಗಳ ಮೊಮ್ಮಗನ ವಸಡಿಗೆ ಬೇವಿನ ಎಣ್ಣೆ ಅಥವಾ ಲವಂಗದ ಎಣ್ಣೆ ಸವರಬಹುದೇ?
— ಒಬ್ಬ ಅಜ್ಜಿ, ಹಾವೇರಿ

ಉತ್ತರ: ದಯವಿಟ್ಟು ಎರಡನ್ನೂ ಸವರಬೇಡಿ, ಅಮ್ಮ. ಬೇವಿನ ಎಣ್ಣೆ ಕುಡಿಸಿದ ಕೂಸುಗಳಲ್ಲಿ ವಾಂತಿ, ಫಿಟ್ಸ್ ಕಾಣಿಸಿಕೊಂಡು ಮಿದುಳು, ಯಕೃತ್ತುಗಳಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ವಸಡಿಗೆ ಸವರಿದ್ದನ್ನು ಕೂಸು ನುಂಗದೇ ಇರುವುದಿಲ್ಲ. ಲವಂಗದ ಎಣ್ಣೆ ಎಳೆಯ ವಸಡನ್ನು ಸುಡುತ್ತದೆ. ಕೈ ತೊಳೆದುಕೊಂಡು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ವಸಡನ್ನು ಮೆಲ್ಲಗೆ ಒರೆಸಿ; ಮೊದಲ ಹಲ್ಲು ಮೂಡಿದ ಮೇಲೆ ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.