ಬೊಜ್ಜು, ಹೃದಯದ ಕಾಯಿಲೆ ಎರಡೂ ಇದ್ದವರಿಗೆ ಗಮನ ಮತ್ತು ಯೋಚನಾಶಕ್ತಿ ಕಡಿಮೆಯಾಗುತ್ತಾ?

ಕೆಲವರಲ್ಲಿ ಆಗುತ್ತದೆ, ಎಲ್ಲರಲ್ಲೂ ಅಲ್ಲ. ಹೆಚ್ಚಾಗಿ ಪೆಟ್ಟು ಬೀಳುವುದು ಗಮನ, ಯೋಚನೆಯ ವೇಗ ಮತ್ತು ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದಕ್ಕೆ. ಇದನ್ನು ನೋಡಲು ಒಂದು ಸರಳ ಪರೀಕ್ಷೆ ಇದೆ. ಕಾಗದದ ಮೇಲೆ ಚೆಲ್ಲಾಪಿಲ್ಲಿಯಾಗಿರುವ ಅಂಕಿ, ಅಕ್ಷರಗಳನ್ನು 1-ಎ-2-ಬಿ-3-ಸಿ ಅಂತ ಗೆರೆ ಎಳೆದು ಸೇರಿಸಬೇಕು. ಬರೀ ಅಂಕಿ ಇದ್ದಾಗ ಸಲೀಸಾಗಿ ಮುಗಿಸಿದವರೂ ಅಕ್ಷರ ಬೆರೆತ ಕೂಡಲೇ ತಡವರಿಸಬಹುದು.

ಮಿದುಳಿನ ತೂಕ ದೇಹದ ಶೇ. 2ರಷ್ಟೇ, ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಹೃದಯ ಸರಿಯಾಗಿ ಪಂಪ್ ಮಾಡದಿದ್ದರೆ ಅಲ್ಲಿಗೆ ರಕ್ತ ಸಾಲುವುದಿಲ್ಲ ಅಲ್ವಾ? ಬೊಜ್ಜಿನ ಜೊತೆ ಬರುವ ಬಿಪಿ, ಶುಗರ್ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ.

ಗೊರಕೆಯನ್ನು ಮಾತ್ರ ಸುಮ್ನೆ ತಮಾಷೆ ಅಂದುಕೊಳ್ಳಬೇಡಿ. ನಿದ್ದೆಯಲ್ಲಿ ಪದೇಪದೇ ಉಸಿರು ನಿಂತರೆ ರಾತ್ರಿಯಿಡೀ ಆಮ್ಲಜನಕ ಇಳಿಯುತ್ತದೆ, ಹಗಲೆಲ್ಲ ತೂಕಡಿಕೆ. ಅದಕ್ಕೆ ಚಿಕಿತ್ಸೆ ಇದೆ, ನನ್ನ ಪ್ರಕಾರ ಮೊದಲು ನೋಡಬೇಕಾದ್ದೂ ಅದೇ.

ಬಿಪಿ ಹತೋಟಿಯಿಂದಲೂ ಲಾಭವಿದೆ. ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ (2019) ಮೇಲಿನ ಅಂಕಿ 120ಕ್ಕಿಂತ ಕಡಿಮೆ ಇರಲಿ ಅಂತ ಗುರಿಯಿಟ್ಟವರಲ್ಲಿ ಆರಂಭಿಕ ಮರೆವಿನ ಸಮಸ್ಯೆ ಕಡಿಮೆ ಕಂಡಿತು. ನಿಮ್ಮ ಗುರಿ ಎಷ್ಟಿರಬೇಕು ಅನ್ನೋದನ್ನು ಡಾಕ್ಟರೇ ಹೇಳಬೇಕು. ಗಲಿಬಿಲಿ ಅಥವಾ ಮಾತಿನ ತೊದಲು ಇದ್ದಕ್ಕಿದ್ದಂತೆ ಶುರುವಾದರೆ ಕಾಯಬೇಡಿ, ಅದು ಸ್ಟ್ರೋಕ್ ಇರಬಹುದು.